ತಂಗೂಸಿ ದಾರ

ಜನವರಿ 19, ಭಾನುವಾರ

ಮತ್ತೆ ಹೆಬ್ಬೆರಳಿಗೆ ಗಾಳ. ಈ ಸಲ ಆಳಕ್ಕೇ ಹೋಯಿತು. ಹಿಂದಕ್ಕೆ ಎಳೆದರೆ ಮಾಂಸ ಕಿತ್ತು ಬರುತ್ತದೆ, ಮುಂದಕ್ಕೇ ತಳ್ಳಬೇಕು. ಚರ್ಮ ಉಬ್ಬಿತು, ಬಿಳುಚಿತು, ಟಪ್ ಅಂತ ಒಡೆದು ತುದಿ ಆಚೆ ಬಂತು. ಪ್ರೀತಂ ಕಟಿಂಗ್ ಪ್ಲೇಯರ್‌ನಲ್ಲಿ ತುದಿ ಕತ್ತರಿಸಿದ. ನಾನು ಕೂಗಲಿಲ್ಲ. ಅವನೇ ಕೂಗಿದ.

"ಗ್ಲೌಸ್ ಹಾಕ್ಕೊಳೇ ಅಂದ್ರೆ ಕೇಳಲ್ಲ. ಕಬಡ್ಡಿ ಆಡಿದ್ ಮೈ ಅಂದ್ರೆ ಕಬ್ಬಿಣಾನಾ?"

ಸೋಮನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಇಡೀ ಮಧ್ಯಾಹ್ನ. ಕೆರೆಗಳ ದಡದಲ್ಲಿ ನಾವು ನಿಲ್ಲಿಸಿರುವ ಪಿವಿಸಿ ಪೈಪುಗಳಿಂದ ಬಂದ ಹಳೇ ತಂಗೂಸಿಯ, ಮೀನು ಹಿಡಿಯುವ ನೈಲಾನ್ ದಾರದ, ರಾಶಿ ಮುಂದೆ. ಗಾಳ ಕಿತ್ತು, ಸೀಸದ ಗುಂಡು ತೆಗೆದು, ಪಾಚಿ ಉಜ್ಜಿ, ದಾರ ಮಾತ್ರ ಬೇರೆ. ಪೈಪಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇವೆ: ಹಳೇ ದಾರ ಇಲ್ಲಿ ಹಾಕಿ, ನೀರಿಗೆ ಬಿಸಾಡಬೇಡಿ. ಜನ ಬೀಡಿ ತುಂಡು ಹಾಕುತ್ತಾರೆ. ಬ್ರಾಂದಿ ಪೊಟ್ಟಣ ಹಾಕುತ್ತಾರೆ. ಒಬ್ಬ ಚಪ್ಪಲಿ ಹಾಕಿದ್ದ, ಒಂದೇ ಕಾಲಿನದು. ಆದರೂ ದಾರವೂ ಬರುತ್ತದೆ, ಹೋದ ವರ್ಷಕ್ಕಿಂತ ಜಾಸ್ತಿ. ಪ್ರೀತಂ ಅದನ್ನು ಕರಗಿಸಿ ಕಾಳು ಮಾಡಿ ಅಂಗಿ ಗುಂಡಿ ಫ್ಯಾಕ್ಟರಿಗೆ ಕಳಿಸುತ್ತಾನೆ. ಲಾಭವಿಲ್ಲ. ಗ್ರೈಂಡರಿಗೆ ಸುತ್ತಿಕೊಂಡು ಎರಡು ಸಲ ಮೋಟಾರು ಸುಟ್ಟಿದೆ. ಬಿಡುವುದಿಲ್ಲ ಅವನು. ಶಿಂಷಾ ಸೇತುವೆ ಕೆಳಗೆ ಒಂದು ಕೊಕ್ಕರೆ ತಲೆಕೆಳಗಾಗಿ ನೇತಾಡುತ್ತಿದ್ದದ್ದನ್ನು ನೋಡಿದ ದಿನದಿಂದ ಇದೇ ಹುಚ್ಚು. ನನಗೂ ಹಿಡಿಸಿದ.

ಟಿಟಿ ಇಂಜೆಕ್ಷನ್ ತಗೊಂಡೆ. ನಾಳೆ ಸ್ಕೂಲಿನಲ್ಲಿ ಮಾರ್ಚ್‌ಪಾಸ್ಟ್ ಪ್ರಾಕ್ಟೀಸು. ವಿಷಲ್ ಹಿಡಿಯಲು ಎಡಗೈ.

ಜನವರಿ 26, ಸಂಜೆ

ಬೆಳಗ್ಗೆ ಧ್ವಜಾರೋಹಣ. ಮಕ್ಕಳು ಚೆನ್ನಾಗಿ ನಡೆದರು. ಅದು ಮುಗಿಸಿ ಅಮ್ಮನ ತವರು ಹುಣಸೇಕಟ್ಟೆಗೆ ಹೋದೆವು, ಮಳವಳ್ಳಿ ರಸ್ತೆಯಿಂದ ಒಳಗೆ. ಅಲ್ಲಿಯ ಕೆರೆಗೂ ಒಂದು ಪೈಪ್ ನಿಲ್ಲಿಸೋಣ ಅಂತ. ಮೀನಿನ ಟೆಂಡರ್ ಈ ಸಲ ಸೋದರಮಾವನಿಗೆ ಆಗಿದೆಯಲ್ಲ, ನಮ್ಮವರೇ ಅಂತ ಧೈರ್ಯ.

ಏರಿಯ ಬುಡದಲ್ಲಿ ಪೈಪ್ ನೆಟ್ಟು ಮೇಲೆ ಹತ್ತಿದೆವು. ಕಂಡದ್ದು...

ಕೆರೆಯ ಮೇಲೆಲ್ಲ ನೀಲಿ ತಂಗೂಸಿ. ದಪ್ಪನೆಯದು. ಏರಿ ರಸ್ತೆಯ ಆಚೆ ಬದಿಯ ಅತ್ತಿಮರಗಳ ಎತ್ತರದ ಕೊಂಬೆಗೆ ಒಂದು ತುದಿ. ಅಲ್ಲಿಂದ ರಸ್ತೆಯ ತಲೆ ಮೇಲೆ ಹಾದು, ನೀರಿನಲ್ಲಿ ನೆಟ್ಟ ಬೊಂಬಿಗೆ ಇನ್ನೊಂದು ತುದಿ. ಸಾಲು ಸಾಲು. ಮೀನು ಹಿಡಿಯುವುದಕ್ಕಲ್ಲ. ಹಕ್ಕಿ ಇಳಿಯದ ಹಾಗೆ.

ನಡು ಕೆರೆಯಲ್ಲಿ ಒಂದು ಹೆಜ್ಜಾರ್ಲೆ, ಚೀಲದಂಥ ಕೊಕ್ಕಿನ ದೊಡ್ಡ ಹಕ್ಕಿ, ಸಿಕ್ಕಿಕೊಂಡಿತ್ತು. ಕೊಕ್ಕರೆಬೆಳ್ಳೂರಿನ ಗೂಡುಗಳಿಂದ ಮೇವಿಗೆ ಬಂದದ್ದು. ಒಂದು ರೆಕ್ಕೆ ಮೇಲೆ, ಒಂದು ನೀರಲ್ಲಿ. ಬಡಿದಂತೆಲ್ಲ ದಾರ ಒಳಕ್ಕೆ ಇಳಿಯುತ್ತಿತ್ತು. ಬಿಳಿ ಗರಿಯ ಮೇಲೆ ರಕ್ತ ದೂರಕ್ಕೂ ಕಾಣುತ್ತದೆ.

ಮಾವ ಏರಿಯ ಮೇಲಿನ ಶೆಡ್ಡಿನಲ್ಲಿ ಕೂತಿದ್ದ. ಕೆಂಪಸಿದ್ದಯ್ಯ ಅಂದರೆ ಸುತ್ತ ಊರಲ್ಲಿ ಯಾರೂ ಎದುರಾಡುವುದಿಲ್ಲ. ನಾನು ಆಡುತ್ತೇನೆ. ಅಪ್ಪ ಹೋದಮೇಲೆ ನನ್ನನ್ನು ಬೆಳೆಸಿದವನು ಅವನೇ. ಇದೇ ಕೆರೆ ಬತ್ತಿದಾಗ ಇದರ ಅಂಗಳದಲ್ಲೇ ಕಬಡ್ಡಿ ಕಲಿಸಿದ್ದು. ಹೊಡೆದು ಹೊಡೆದು ಕಲಿಸಿದ.

"ಮಾವ, ಆ ಹಕ್ಕಿ ಬಿಡಿಸು."

"ಯಾಕವ್ವ? ನನ್ ಮೀನ್‌ಮರಿ ನುಂಗಕ್ಕೆ ಬತ್ತದೆ, ಸಾಯ್ತದೆ. ನಾನೇನ್ ಇನ್ವಿಟೇಸನ್ ಕೊಟ್ಟಿದ್ನಾ?"

"ಕೇಸ್ ಆಗುತ್ತೆ ಮಾವ. ಫಾರೆಸ್ಟ್‌ನವರು..."

"ಫಾರೆಸ್ಟ್‌ನೋರ್ಗೂ ಮೀನ್ ಓಯ್ತದೆ ಕಣೆ ಮನೆಗೆ."

ನಾನು ತೆಪ್ಪಕ್ಕೆ ಕೈ ಹಾಕಿದೆ. ಕಪಾಳಕ್ಕೆ ಬಿತ್ತು. ಪ್ರೀತಂ ಎದುರಿಗೇ. ಕಿವಿ ಗುಂಯ್ ಅಂದಿತು. ಮದುವೆಯಾದ ಮೇಲೆ ಮೊದಲನೇ ಏಟು.

ಹಕ್ಕಿ ಅಲ್ಲೇ ಸತ್ತಿತು ಅಂತ ಕಾಣುತ್ತೆ. ನಾವು ಬರುವಾಗ ಬಡಿಯುತ್ತಿರಲಿಲ್ಲ.

ಫೆಬ್ರವರಿ 2, ಭಾನುವಾರ

ಪ್ರೀತಂ ಹಟ ಮಾಡಿದ, ಮಾತಾಡೋಣ, ಒಳ್ಳೆ ಮಾತಲ್ಲಿ ಅಂತ. ಬಾಳೆಹಣ್ಣು, ಮದ್ದೂರು ವಡೆ ಎಲ್ಲ ಕಟ್ಟಿಸಿಕೊಂಡ. ದಾರದ ಬದಲು ಬಣ್ಣದ ಪಟ್ಟಿ ಕಟ್ಟಬಹುದು, ತಗಡು ಬಡಿಯಬಹುದು, ಮರಿ ಬಿಡುವ ಜಾಗಕ್ಕೆ ಮಾತ್ರ ಬಲೆ ಹೊದಿಸಬಹುದು — ಪಾಪ, ಎಲ್ಲ ಯೋಚನೆ ಮಾಡಿಕೊಂಡು ಬಂದಿದ್ದ.

ಮಾವ ಪೂರ್ತಿ ಕೇಳಿದ. ವಡೆ ತಿಂದ. ಕೈ ಒರೆಸಿಕೊಂಡ. ಎದ್ದು ಹೋಗಿ ನಾವು ಹೋದವಾರ ನೆಟ್ಟಿದ್ದ ಪೈಪನ್ನು ಕಿತ್ತು, ಏರಿಯ ಕಲ್ಲಿಗೆ ಬಡಿದ. ಎರಡೇ ಬಡಿತ. ಸೀಳಿತು. ಸೀಳಿದ ಪೈಪನ್ನೇ ಪ್ರೀತಂ ಎದೆಗೆ ಒತ್ತಿ ಹಿಡಿದ.

"ನೋಡ್ಲಾ. ಎಣ್ ಕೊಟ್ಟಿವ್ನಿ, ಕೆರೆ ಕೊಟ್ಟಿಲ್ಲ. ಈ ಏರಿ ಮ್ಯಾಲೆ ನಿನ್ ಸ್ಕೂಟ್ರು ಇನ್ನೊಂದ್ ದಪ ಕಾಣ್ಲಿ, ಕತ್ತು ಕುಯ್ದು ಕೆರೆಗಾಕ್ತೀನಿ."

ಮಾವನ ಆಳು ಸಿದ್ದರಾಮು ಪಕ್ಕದಲ್ಲಿ ನಿಂತಿದ್ದ. ನಕ್ಕ. ಆಡು ಮೇಯಿಸುವ ಮರಿತಾಯಮ್ಮಜ್ಜಿಯೂ ಕೇಳಿಸಿಕೊಂಡಳು. ಎಲ್ಲರೂ ಕೇಳಿಸಿಕೊಂಡರು.

ವಾಪಸು ಹೊರಟೆವು. ಮದ್ದೂರು ಬಂದಮೇಲೆ ಪ್ರೀತಂ ಅಂದ, "ಅವರ ಮರಿಗಳನ್ನ ಹಕ್ಕಿ ತಿನ್ನೋದೂ ನಿಜ ಕಣೇ." ಇವನ ಈ ನ್ಯಾಯ ಕೇಳಿದರೆ ನನಗೆ ಮೈ ಉರಿಯುತ್ತದೆ.

ಫೆಬ್ರವರಿ 9

ಒಬ್ಬಳೇ ಹೋಗಿ ದೂರದಿಂದ ನೋಡಿ ಬಂದೆ. ದಾರದಲ್ಲಿ ಮೂರು ಹಕ್ಕಿ. ಒಂದು ನೀರುಕಾಗೆ, ಎರಡು ಕೊಕ್ಕರೆ. ಒಂದರ ಕೊರಳಿಗೇ ಬಿಗಿದು ತಲೆ ಒಂದು ಕಡೆ, ಮೈ ಒಂದು ಕಡೆ. ಕಾಗೆ ಕೂತು ಕುಕ್ಕುತ್ತಿತ್ತು.

ಇವತ್ತು ಸ್ಕೂಲಿನ ಹುಡುಗಿಯರ ಪ್ರಾಕ್ಟೀಸ್ ಮ್ಯಾಚಿನಲ್ಲಿ ಸುಮ್ಮಸುಮ್ಮನೆ ಬೈದೆ. ಒಬ್ಬಳು ಅತ್ತಳು.

ಫೆಬ್ರವರಿ 16, ಭಾನುವಾರ

ಕೊಯ್ದೆ!

ಬೆಳಕು ಹರಿಯುವ ಮೊದಲೇ ಸ್ಕೂಟಿ ತಗೊಂಡು ಹೋದೆ. ಪ್ರೀತಂ ಮಲಗಿದ್ದ. ಏರಿಯ ನೀರಿನ ಕಡೆಯ ಕಲ್ಲು ಕಟ್ಟಡದ ಮೇಲೆ ನಿಂತರೆ ದಾರ ಕೈಗೆ ಸಿಗುತ್ತೆ. ಕುಡುಗೋಲು ಹಾಕಿ ಎಳೆದೆ. ಟಣ್ ಅಂತ ಹರಿಯುವ ಸದ್ದು, ಏನು ಸುಖ ಅದು. ಒಂದೊಂದಕ್ಕೂ ಮಾವನ ಹೆಸರು ಹೇಳಿ ಕೊಯ್ದೆ. ಈ ಕಡೆಯ ಸಾಲೆಲ್ಲ ಮುಗಿಯುವ ಹೊತ್ತಿಗೆ ಸಿದ್ದರಾಮು ಶೆಡ್ಡಿನಿಂದ ಎದ್ದು ಬಂದ.

"ಯಾವೋಳೇ ಅದು! ಏಯ್!"

ಕೋಲು ಹಿಡಿದು ಓಡಿಬಂದ. ಸ್ಕೂಟಿ ಹತ್ತಿ ಬಂದುಬಿಟ್ಟೆ. ಬೆನ್ನ ಹಿಂದೆ ಕಲ್ಲು ಬಿತ್ತು, ತಾಗಲಿಲ್ಲ.

ಪ್ರೀತಂಗೆ ಹೇಳಿದೆ. ಟೀ ಆರಿಹೋಯಿತು. "ಇದಕ್ಕೆ ಏನಾದ್ರೂ ಮಾಡ್ತಾರೆ ಕಣೇ ಅವರು," ಅಂದ.

ಮಾಡಲಿ.

ಫೆಬ್ರವರಿ 18, ಮಂಡ್ಯ, ಆಸ್ಪತ್ರೆ

ಮಾಡಿದರು.

ನಿನ್ನೆ ಸಂಜೆ. ಗ್ರೌಂಡಿನಲ್ಲಿದ್ದೆ. ಪ್ರೀತಂ ಫೋನ್ ಮಾಡಿದ್ದ, ಮಾವನ ಹತ್ತಿರ ಹೋಗಿ ನಿನ್ನ ಪರವಾಗಿ ಕ್ಷಮೆ ಕೇಳಿ ಬರ್ತೀನಿ, ಜಗಳ ಬೆಳೆಸೋದು ಬೇಡ ಅಂತ. ಬೇಡ ಅಂದೆ. ಹೋಗಿದ್ದಾನೆ.

ಏರಿ ರಸ್ತೆಗೆ ಅಡ್ಡಲಾಗಿ ತಂಗೂಸಿ. ಅದೇ ನೀಲಿಯದು. ಹೆಲ್ಮೆಟ್ಟಿನ ಕೆಳಗೆ, ಸರಿಯಾಗಿ ಗಂಟಲಿಗೆ.

ಸ್ಕೂಟರ್ ಮುಂದಕ್ಕೆ ಹೋಯಿತಂತೆ, ಅವನು ಹಿಂದಕ್ಕೆ. ಎರಡೂ ಕೈಯಲ್ಲಿ ಕತ್ತು ಒತ್ತಿ ಹಿಡಿದು ಎದ್ದು ಕೂತಿದ್ದನಂತೆ. ಉಸಿರು ಬಾಯಿಂದ ಅಲ್ಲ, ಕತ್ತಿನಿಂದ ಹೋಗಿಬರುತ್ತಿತ್ತಂತೆ, ಗುಳುಗುಳು ಅಂತ. ಹಾಲಿನ ವ್ಯಾನಿನವರು ಹಾಕಿಕೊಂಡು ಬಂದರು. ಮಳವಳ್ಳಿಯಲ್ಲಿ ಬಟ್ಟೆ ಸುತ್ತಿ ಇಲ್ಲಿಗೆ ಕಳಿಸಿದರು.

ಉಸಿರುನಾಳ ಅರ್ಧ ಕೊಯ್ದಿದೆ. ಇನ್ನು ಒಂಚೂರು ಪಕ್ಕಕ್ಕೆ ಹೋಗಿದ್ದರೆ ದೊಡ್ಡ ರಕ್ತನಾಳ, ಇಲ್ಲಿವರೆಗೂ ಬರುತ್ತಿರಲಿಲ್ಲ ಅಂದರು ಡಾಕ್ಟರ್. ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಇಟ್ಟಿದ್ದಾರೆ. ಮಾತು ಬರುತ್ತದಾ ಅಂತ ಕೇಳಿದೆ. ಮೊದಲು ಬದುಕಲಿ ಅಂದರು.

ಅವನ ಶರ್ಟು ಕವರಿನಲ್ಲಿ ಕೊಟ್ಟರು. ಒದ್ದೆ. ಭಾರ.

ಅಮ್ಮ ಗುತ್ತಲಿನಿಂದ ಓಡಿಬಂದಳು. ವಿಷಯ ಕೇಳಿ ನೆಲಕ್ಕೆ ಕುಸಿದಳು. "ನನ್ ತಮ್ಮ ಅಂಗ್ ಮಾಡಲ್ಲ ಕಣೆ... ಮಾಡಲ್ಲ..." ಅಂತ ಒಂದು ಸಲ. ಆಮೇಲೆ, "ಕತ್ತು ಕುಯ್ತೀನಿ ಅಂದಿದ್ನಾ? ನಿಜವಾಗ್ಲೂ ಅಂದಿದ್ನಾ?"

ಅಂದಿದ್ದ. ಎಲ್ಲರೂ ಕೇಳಿಸಿಕೊಂಡಿದ್ದಾರೆ.

ಪೊಲೀಸಿಗೆ ಹೇಳಿಕೆ ಕೊಟ್ಟೆ. ಮಾವನ ಹೆಸರು, ಸಿದ್ದರಾಮು ಹೆಸರು.

ಫೆಬ್ರವರಿ 20

ಬರೆಯಬೇಕು.

ಬೆಳಗ್ಗೆ ಅಮ್ಮನನ್ನು ಪ್ರೀತಂ ಹತ್ತಿರ ಕೂರಿಸಿ ಹುಣಸೇಕಟ್ಟೆಗೆ ಹೋದೆ. ಪೊಲೀಸರು ಇನ್ನೂ ಮಹಜರು ಅಂತ ಓಡಾಡುತ್ತಿದ್ದರು, ಅವನನ್ನು ಹಿಡಿದಿರಲಿಲ್ಲ. ಮೀನು ತೂಗುತ್ತಿದ್ದ. ಏನೂ ಆಗಿಲ್ಲವೆನ್ನುವ ಹಾಗೆ ಮೀನು ತೂಗುತ್ತಿದ್ದ! ನನ್ನನ್ನು ನೋಡಿ ತಕ್ಕಡಿ ಬಿಟ್ಟು ಎದ್ದ.

"ತೇಜು, ಎಂಗವ್ನೆ ನಿನ್ ಗಂಡ? ನಾನ್ ಬರಾನ ಅಂತಿದ್ದೆ—"

ಮಾತು ಮುಗಿಸಲು ಬಿಡಲಿಲ್ಲ. ಬಗ್ಗಿ ಹೋಗಿ ಕಾಲಿನ ಹರಡು ಹಿಡಿದು ಎಳೆದೆ. ಅವನೇ ಕಲಿಸಿದ ಹಿಡಿತ. ದಪ್ಪ ಮೈ, ಅಂಗಾತ ಮೀನಿನ ಕ್ರೇಟುಗಳ ಮೇಲೆ ಬಿತ್ತು. ತೆಪ್ಪದ ಹುಟ್ಟು ಗೋಡೆಗೆ ಒರಗಿತ್ತು. ತಗೊಂಡೆ.

ಮೊದಲ ಏಟು ಭುಜಕ್ಕೆ. ಎರಡನೆಯದು ತಲೆಗೆ ಅಂತ ಎತ್ತಿದೆ. ಹೌದು, ತಲೆಗೇ. ಅವನು ಕೈ ಅಡ್ಡ ತಂದ. ಮೊಳಕೈ ಕೆಳಗೆ, ಕಬ್ಬು ಮುರಿದ ಹಾಗೆ ಸದ್ದು. ಕೈ ಮಧ್ಯದಲ್ಲಿ, ಕೀಲೇ ಇಲ್ಲದ ಕಡೆ ಬಗ್ಗಿತು. ಆಗಲೂ ನಿಲ್ಲಿಸಲಿಲ್ಲ. ಮತ್ತೆ ಹೊಡೆದೆ. ಪಕ್ಕೆಗೆ, ತೊಡೆಗೆ. ಮೀನು ಕಾಲ ಕೆಳಗೆ ಒದ್ದಾಡುತ್ತಿದ್ದವು, ಜಾರುತ್ತಿತ್ತು.

"ನಾನಲ್ಲ ಕಣೆ! ನಮ್ಮವ್ವನಾಣೆಗೂ ನಾನಲ್ಲ!"

"ಕತ್ತು ಕುಯ್ತೀನಿ ಅಂದ್ಯಲ್ಲ! ಕುಯ್ದ್ಯಲ್ಲ!"

ಸಿದ್ದರಾಮು ಜುಟ್ಟು ಹಿಡಿದು ಹಿಂದಕ್ಕೆ ಎಳೆದ. ಅವನ ಕೈಯನ್ನು ಕಚ್ಚಿದೆ. ಬಾಯಿ ತುಂಬ ಉಪ್ಪು. ಊರವರು ಬಂದು ಬಿಡಿಸಿದರು.

ಮಾವ ಎದ್ದು ಕೂತ. ಅಳುತ್ತಿದ್ದ. ಅವನು ಅತ್ತದ್ದು ನಾನು ನೋಡಿರಲೇ ಇಲ್ಲ. ನೋವಿಗೋ, ಇನ್ನೊಂದಕ್ಕೋ. ನನಗೆ ಏನೂ ಅನ್ನಿಸಲಿಲ್ಲ. ಇಲ್ಲ, ಸುಳ್ಳು. ಖುಷಿಯಾಯಿತು.

ಮಧ್ಯಾಹ್ನ ಪೊಲೀಸರು ಅವನನ್ನೂ ಸಿದ್ದರಾಮುವನ್ನೂ ಕರೆದೊಯ್ದರು. ಕೊಲೆ ಯತ್ನ. ನನ್ನ ವಿಷಯ ಅವನು ಪೊಲೀಸರ ಹತ್ತಿರ ಬಾಯಿ ಬಿಡಲಿಲ್ಲವಂತೆ. ಬಿದ್ದೆ ಅಂದನಂತೆ.

ಫೆಬ್ರವರಿ 27

ಜ್ವರ ಇಳಿದಿದೆ. ಟ್ಯೂಬಿನಲ್ಲಿ ಕಫ ಕಟ್ಟಿದರೆ ಮಿಷನ್ ಇಟ್ಟು ಎಳೆಯುತ್ತಾರೆ, ಆಗ ಅವನ ಮೈ ಹಾಸಿಗೆಯಿಂದ ಎದ್ದೇಳುತ್ತದೆ. ನಾನು ಕಾಲು ಹಿಡಿದಿರುತ್ತೇನೆ.

ಸನ್ನೆಯಲ್ಲಿ ಕೇಳಿದ, ಮಾವ? ಜೈಲು ಅಂದೆ. ಕೈ ಮುರಿದೆ ಅಂತಲೂ ಹೇಳಿದೆ, ಹೆಮ್ಮೆಯಿಂದ. ಅವನು ಕಣ್ಣು ಮುಚ್ಚಿಕೊಂಡ.

ಮಾರ್ಚ್ 5, ಗುತ್ತಲು

ಡಿಸ್ಚಾರ್ಜ್. ಆಸ್ಪತ್ರೆಗೆ ಹತ್ತಿರ ಅಂತ ಅಮ್ಮನ ಮನೆಯಲ್ಲೇ ಇದ್ದೇವೆ. ಟ್ಯೂಬ್ ಇನ್ನೂ ಇದೆ. ಬೆರಳಿಟ್ಟು ಮುಚ್ಚಿದರೆ ಸ್ವಲ್ಪ ದನಿ ಬರಬಹುದಂತೆ. ಬರಲಿಲ್ಲ. ಗಾಳಿ ಮಾತ್ರ.

ಅಮ್ಮ ಅಡುಗೆ ಮಾಡುತ್ತಾಳೆ, ತಮ್ಮನ ಮಾತೆತ್ತುವುದಿಲ್ಲ. ಗೋಡೆಯ ಮೇಲೆ ಅವನ ಫೋಟೋ ಇತ್ತು, ನನ್ನ ಜಿಲ್ಲಾ ಕಪ್ ಹಿಡಿದು ನಿಂತದ್ದು. ತೆಗೆದು ಮಂಚದ ಕೆಳಗೆ ತಳ್ಳಿದ್ದಾಳೆ. ಗಾಜು ಒಡೆದಿದೆ. ಬಿದ್ದು ಒಡೆಯಿತೋ, ಅವಳೇ ಒಡೆದಳೋ.

ಮಾರ್ಚ್ 9, ಭಾನುವಾರ

ಮರಿತಾಯಮ್ಮಜ್ಜಿ ಬಂದಿದ್ದಳು. ಹುಣಸೇಕಟ್ಟೆಯಿಂದ ಎರಡು ಬಸ್ಸು ಹಿಡಿದು, ಮನೆ ಕೇಳಿಕೊಂಡು. ಸೆರಗಿನಲ್ಲಿ ಒಂದಿಷ್ಟು ಅವರೆಕಾಯಿ. ಒಳಗೆ ಬರಲೇ ಒಲ್ಲೆ ಅಂದಳು. ಜಗುಲಿಯಲ್ಲೇ ಕೂತಳು.

"ನಿಂಗೊಂದ್ ಮಾತು ಏಳ್ಬೇಕು ಕಣವ್ವ. ವಟ್ಟೇಲಿ ಇಕ್ಕಂಡು ಸಾಕಾಯ್ತು. ಅನ್ನ ಇಳಿತಿಲ್ಲ."

"ಏನಜ್ಜಿ?"

"ನೀನು ದಾರ ಕುಯ್ದಲ್ಲ ಆವತ್ತು... ಕುಯ್ದು ಬುಟ್ಟೋದೆ. ಮರದಿಂದ ಇಳಿಬಿದ್ದಿದ್ವು, ರೋಡಿನ್ ಮ್ಯಾಲೆಲ್ಲ. ಸಿದ್ದರಾಮು ಒಂದಿಷ್ಟು ಎಳ್ದಾಕ್ದ, ಒಂದು ಅಂಗೇ ಉಳ್ಕತ್ತು. ನಮ್ ಆಡಿನ್ ಮರಿ ಕಾಲ್ಗೆ ಸುತ್ಕಂಡು ರಕ್ತ ಬಂತು. ಇನ್ನೊಂದಕ್ಕೆ ಸಿಕ್ಕಾಕಂಡಾತು ಅಂತ ಎತ್ತಿ ರೋಡಾಚೆ, ನೀರ್ ಕಡೆ ಲಂಟಾನ ಬೇಲಿಗೆ ಸಿಕ್ಕುಸ್ದೆ. ಎತ್ತರ್ಕೆ ಸಿಕ್ಕುಸ್ದೆ ಕಣವ್ವ, ಆಡು ದಾಟ್ಲಿ ಅಂತ... ಮನ್ಸ ಬತ್ತಾನೆ ಅಂತ ವೊಳೀಲಿಲ್ಲ..."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು.

ಅವಳ ಎರಡೂ ಭುಜ ಹಿಡಿದು ಎತ್ತಿದೆ. ಏನೂ ತೂಕವಿಲ್ಲ, ಒಣ ಕಟ್ಟಿಗೆ. ಅಲ್ಲಾಡಿಸಿದೆ. ತಲೆ ಕಂಬಕ್ಕೆ ತಗುಲಿತು. "ಮುದುಕಿ, ನಿನ್ನ..." ಅಂತ ಏನೇನೋ ಕೂಗಿದೆ. ಇನ್ನೊಂದು ಕ್ಷಣ ಹಾಗೇ ಹಿಡಿದಿದ್ದರೆ ಅದೂ ಆಗಿಹೋಗುತ್ತಿತ್ತು. ಅಮ್ಮ ಬಂದು ನನ್ನ ಬೆನ್ನಿಗೆ ಸೌಟಿನಲ್ಲಿ ಹೊಡೆದಳು. ಸೌಟು ಬಾಗುವವರೆಗೆ ಹೊಡೆದಳು. ಆಗ ಬಿಟ್ಟೆ.

ಅಜ್ಜಿ ತಪ್ಪಿಸಿಕೊಳ್ಳಲಿಲ್ಲ. ಹಣೆ ಒರೆಸಿಕೊಂಡು, "ವಡಿ. ವಡ್ದುಬುಡು. ನಿಂಗೆ ಏಳಿದ್ ಮ್ಯಾಗೆ ನಂಗೆ ನಿದ್ದೆ ಬತ್ತದೆ," ಅಂದಳು.

ಅಮ್ಮ ಅವಳಿಗೆ ಅರಿಶಿನ ಹಚ್ಚಿ, ಊಟ ಹಾಕಿ, ಬಸ್ಸು ಹತ್ತಿಸಿ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಲಿಲ್ಲ. ಮಂಚದ ಕೆಳಗೆ ಕೈ ಹಾಕಿ ಫೋಟೋ ತೆಗೆದು, ಗಾಜಿನ ಚೂರು ಆರಿಸುತ್ತಾ ಕೂತಳು.

ದಾರ ಕೊಯ್ದವಳು ನಾನು. ಬಿಟ್ಟು ಬಂದವಳು ನಾನು. ಬಿಸಾಡಿದ ದಾರ ಹೇಗೆ ಕೊಲ್ಲುತ್ತೆ ಅಂತ ಊರೂರಿಗೆ ಭಾಷಣ ಮಾಡಿದವಳೂ...

ಮಾರ್ಚ್ 10

ಅಜ್ಜಿ ಸಿಕ್ಕಿಸಿದ್ದು. ನಾನು ಬರೀ ಕೊಯ್ದದ್ದು. ಮರಕ್ಕೆ ಕಟ್ಟಿದವನು ಮಾವ. ಅವನು ಕಟ್ಟದಿದ್ದರೆ ನಾನು ಕೊಯ್ಯುತ್ತಿರಲಿಲ್ಲ.

ಇಡೀ ದಿನ ಹೀಗೇ ತಿರುಗಿಸಿ ತಿರುಗಿಸಿ ನೋಡಿದೆ. ಯಾವ ಕಡೆಯಿಂದ ನೋಡಿದರೂ ಮುರಿದ ಕೈ ಮುರಿದೇ ಇದೆ.

ಮಾರ್ಚ್ 12

ಪ್ರೀತಂಗೆ ಹೇಳಿದೆ.

ಗಂಜಿ ಕುಡಿಸಿ, ಬಾಯಿ ಒರೆಸಿ, ಎದುರಿಗೆ ಕೂತು ಹೇಳಿದೆ. ಸಿದ್ದರಾಮು ಬಂದ, ಓಡಿಬಂದೆ, ದಾರ ಎತ್ತಲಿಲ್ಲ. ಅಜ್ಜಿಯ ಮಾತು. ಎಲ್ಲ. ನಡುವೆ ಒಂದು ಸಲವೂ ಅಳಲಿಲ್ಲ, ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ ಅಂತ.

ಅವನು ನನ್ನನ್ನೇ ನೋಡುತ್ತಿದ್ದ. ಕತ್ತಿನ ತೂತಿನಿಂದ ಉಸಿರು ಸುಯ್ ಸುಯ್ ಅನ್ನುತ್ತಿತ್ತು. ಆಮೇಲೆ ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದ.

ಹೊಡೆದಿದ್ದರೆ ಚೆನ್ನಾಗಿತ್ತು. ಏಟು ತಿನ್ನುವುದು ನನಗೆ ಗೊತ್ತು. ಇದು ಗೊತ್ತಿಲ್ಲ.

ಮಾರ್ಚ್ 13

ಠಾಣೆಗೆ ಹೋದೆ. ಹೇಳಿಕೆ ತಪ್ಪು, ಬದಲಾಯಿಸಬೇಕು ಅಂದೆ. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

"ಏನ್ ಮೇಡಂ, ಆಟಾನಾ ಇದು? ನಿಮ್ ಮಾತಿನ ಮೇಲೆ ಇಬ್ಬರನ್ನ ಒಳಗೆ ಹಾಕಿದೀವಿ."

"ಅವರು ಬೆದರಿಕೆ ಹಾಕಿದ್ದು ನಿಜ ಸರ್. ದಾರ ಅಡ್ಡ ಕಟ್ಟಿಲ್ಲ. ಅದು ನನ್ನಿಂದ ಆದದ್ದು. ಅವರ ಕೈ ಮುರಿದದ್ದೂ ನಾನೇ. ಬಿದ್ದದ್ದಲ್ಲ."

ಅಜ್ಜಿಯ ಹೆಸರು ಹೇಳಲಿಲ್ಲ. ಬೇಲಿಗೆ ಸಿಕ್ಕಿಕೊಂಡಿತ್ತು ಅಂದೆ ಅಷ್ಟೆ. ಅವರೇ ಸಂಜೆಯೊಳಗೆ ಹೋಗಿ ವಿಚಾರಿಸಿದರು, ಅಜ್ಜಿ ತಾನೇ ಮುಂದೆ ಬಂದು ಹೇಳಿದಳಂತೆ. ಸಿದ್ದರಾಮುವೂ ಅದನ್ನೇ ಮೊದಲಿನಿಂದ ಹೇಳುತ್ತಿದ್ದನಂತೆ, ದಾರ ಎಳೆದು ಹಾಕಿದೆ, ಒಂದು ಉಳಿದಿತ್ತು ಅಂತ. ಯಾರೂ ಕೇಳಿರಲಿಲ್ಲ. ನಾನಂತೂ ಕಚ್ಚಿದ್ದೆ.

ಮಾರ್ಚ್ 21

ಸ್ಕೂಲಿನಿಂದ ಫೋನ್. ಕೇಸು ಇತ್ಯರ್ಥ ಆಗುವವರೆಗೆ ಬರುವುದು ಬೇಡ. ಹೆಡ್‌ಮಿಸ್ ರಂಗನಾಯಕಿ ಮೇಡಂ ದನಿಯಲ್ಲಿ ಬೇಜಾರಿತ್ತು. "ಮಕ್ಕಳ ತಂದೆತಾಯಿ ಕೇಳ್ತಾರೆ ತೇಜಸ್ವಿನಿ. ನಾನೇನು ಹೇಳಲಿ?"

ಏನೂ ಹೇಳಬೇಡಿ ಮೇಡಂ ಅಂದೆ.

ಪ್ರೀತಂ ಬೆರಳಿಟ್ಟು ಅಮ್ಮನ ಹತ್ತಿರ ಮಾತಾಡುತ್ತಾನೆ. ಒಂದೆರಡು ಮಾತು. ನೀರು. ಸಾಕು. ಒರಟು ದನಿ, ಬೇರೆ ಯಾರದೋ. ನಾನು ಒಳಗೆ ಬಂದರೆ ಬೆರಳು ತೆಗೆಯುತ್ತಾನೆ.

ಏಪ್ರಿಲ್ 4

ಮಾವನಿಗೂ ಸಿದ್ದರಾಮುವಿಗೂ ಬಿಡುಗಡೆ. ಅಮ್ಮ ಹೋಗಿ ಜೈಲಿನ ಬಾಗಿಲಲ್ಲಿ ನಿಂತಿದ್ದಳಂತೆ. ಮನೆಗೆ ಬಾ ಅಂದಳಂತೆ. ಅವನು ಬರಲಿಲ್ಲ. ನೇರ ಠಾಣೆಗೆ ಹೋಗಿ ನನ್ನ ಮೇಲೆ ದೂರು ಕೊಟ್ಟ.

ಸರಿ. ಸರಿಯೇ.

ಏಪ್ರಿಲ್ 6, ಭಾನುವಾರ

ಬೆಳಗ್ಗೆ ಲಗೇಜ್ ಆಟೋ ಮನೆ ಮುಂದೆ ನಿಂತಿತು. ಸಿದ್ದರಾಮು ಓಡಿಸುತ್ತಿದ್ದ, ಕೈಮೇಲೆ ನನ್ನ ಹಲ್ಲಿನ ಗುರುತು ಕಪ್ಪಾಗಿದೆ. ಪಕ್ಕದಲ್ಲಿ ಮಾವ. ಮೈ ಇಳಿದುಹೋಗಿದೆ. ಬಲಗೈಗೆ ಸಿಮೆಂಟು, ಕೊರಳಿಗೆ ಜೋಲಿ.

ನಾನು ಗೇಟಿಗೆ ಹೋದೆ. ಎಡಗೈಯಲ್ಲಿ ಬಾರಿಸಿದ. ಬಿದ್ದೆ. ಎದ್ದೆ. ಇನ್ನೊಂದು ಬೀಳುತ್ತದೆ ಅಂತ ನಿಂತಿದ್ದೆ, ಬೀಳಲಿಲ್ಲ.

"ಫಾರೆಸ್ಟ್‌ನೋರು ಬಂದಿದ್ರು. ದಾರ ಎಲ್ಲ ತೆಗೀದೇ ಇದ್ರೆ ಟೆಂಡರ್ ಕ್ಯಾನ್ಸಲ್ ಅಂತೆ. ನನ್ ಕೈ ಇಲ್ಲ. ಇವ್ನಿಗೆ ಈಜಕ್ ಬರಲ್ಲ, ತೆಪ್ಪಕ್ಕೆ ಕಾಲಿಡಲ್ಲ. ಕೈ ಮುರ್ದೋಳು ನೀನು. ನೀನೇ ಬಾ."

ಹೋದೆ.

ಒಂದೂವರೆ ತಿಂಗಳಿಂದ ಯಾರೂ ಮುಟ್ಟದ ದಾರ. ನೀರಿಗೆ ಇಳಿದು, ಬೊಂಬಿಗೆ ಸುತ್ತಿ, ಪಾಚಿ ಹಿಡಿದು. ಒಣಗಿದ ಹಕ್ಕಿಗಳು ಚಿಂದಿಯ ಹಾಗೆ ನೇತಾಡುತ್ತಿದ್ದವು. ನಾನು ಹುಟ್ಟು ಹಾಕುತ್ತಿದ್ದೆ, ಮಾವ ಎಡಗೈಯಲ್ಲಿ ದಾರ ಎಳೆದು ತೆಪ್ಪದೊಳಗೆ ಸುರುಳಿ ಸುತ್ತುತ್ತಿದ್ದ. ಅದೇ ಹುಟ್ಟು. ಹೊಡೆದ ಕಡೆ ಬಿರುಕು ಬಿಟ್ಟಿದೆ.

ತಡೆಯಲಾಗದೆ ಕೈ ನಿಲ್ಲಿಸಿದೆ.

"ಮಾವ... ತಪ್ಪಾಯ್ತು."

"ಕೋರ್ಟಲ್ಲಿ ನೋಡ್ಕತೀನಿ ನಿನ್ನ. ಈಗ ಹುಟ್ಟಾಕು."

ಹಾಕಿದೆ.

ಆಚೆ ದಡದ ಹತ್ತಿರ ಒಂದು ಜೀವಂತ ಇತ್ತು. ಹೆಜ್ಜಾರ್ಲೆ. ರೆಕ್ಕೆ ಬುಡದಲ್ಲಿ ದಾರ ಮೂಳೆಯವರೆಗೂ ಇಳಿದಿತ್ತು, ಹುಳ ಬಿದ್ದಿತ್ತು. ಹತ್ತಿರ ಹೋದರೆ ಕೊಕ್ಕು ಬೀಸಿ ಹೊಡೆಯಿತು, ಮಾವನ ಕೆನ್ನೆ ಹರಿಯಿತು. ಅವನು ಬಿಡಲಿಲ್ಲ, ಒಂದೇ ಕೈಯಲ್ಲಿ ಕೊಕ್ಕು ಅದುಮಿ ಹಿಡಿದ. ನಾನು ದಾರ ಕೊಯ್ದೆ. ರೆಕ್ಕೆ ಚರ್ಮದ ಎಳೆಯಲ್ಲಿ ಜೋತುಬಿದ್ದಿತು.

"ಡಾಕ್ಟರ್ ಹತ್ರ ತಗೊಂಡ್ ಹೋಗೋಣ ಮಾವ."

"ನೋಡೆ ಅದ್ನ. ಸರ್ಯಾಗ್ ನೋಡು."

ನೋಡಿದೆ. ಹುಳ ಎದೆಯೊಳಕ್ಕೂ ಹೋಗಿತ್ತು. ಹಕ್ಕಿ ಕಣ್ಣು ಮುಚ್ಚಿ ತೆರೆಯುತ್ತಿತ್ತು.

"ನರಳ್ಸಬಾರ್ದು. ನನ್ಗೆ ಒಂದ್ ಕೈಲಿ ಆಗಲ್ಲ. ಮಾಡು."

ನಾನೇ ಮಾಡಿದೆ. ಕತ್ತು ಉದ್ದ, ಬೆಚ್ಚಗಿತ್ತು, ಒಳಗೆ ಬಳೆ ಬಳೆಯ ಹಾಗೆ ನಾಳ ಕೈಗೆ ಸಿಗುತ್ತಿತ್ತು. ಬೇಗ ಆಗಲಿಲ್ಲ. ಎಷ್ಟು ಶಕ್ತಿ ಇರುತ್ತದೆ ಅದಕ್ಕೆ. ಆಮೇಲೆ ತೆಪ್ಪದ ಅಂಚಿಗೆ ಬಗ್ಗಿ ವಾಂತಿ ಮಾಡಿದೆ. ಮಾವ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದ. ನೀರಿಗೆ ಬೀಳದ ಹಾಗೆ ಹಿಡಿದದ್ದೋ ಏನೋ. ಕೆನ್ನೆಯ ರಕ್ತ ಒರೆಸಿಕೊಳ್ಳಲಿಲ್ಲ ಅವನು.

ಇವತ್ತು ಕಿತ್ತ ದಾರ ಎಲ್ಲ ಆಟೋಗೆ ಹಾಕಿ ತಂದು ಜಗುಲಿಯಲ್ಲಿ ಇಳಿಸಿದೆವು, ಕೆರೆಯಲ್ಲಿ ಇನ್ನೂ ಅರ್ಧ ಇದೆ. ದೊಡ್ಡ ರಾಶಿ. ನಾಳೆ ಬೆಳಗ್ಗೆ ಮತ್ತೆ ಬತ್ತೀನಿ, ರೆಡಿ ಇರು ಅಂದು ಹೋದ. ಅಮ್ಮ ಕರೆದ ಕಾಫಿಗೆ ನಿಲ್ಲಲಿಲ್ಲ.

ಪ್ರೀತಂ ಕಿಟಕಿಯಿಂದ ನೋಡುತ್ತಿದ್ದ.

ಏಪ್ರಿಲ್ 7, ಬೆಳಗ್ಗೆ

ಎದ್ದು ಬಂದರೆ ಪ್ರೀತಂ ಜಗುಲಿಯಲ್ಲಿ. ಯಾವಾಗ ಎದ್ದನೋ. ಗ್ಲೌಸ್ ಹಾಕಿಕೊಂಡು, ರಾಶಿಯ ಮುಂದೆ ಕೂತು ದಾರ ಬಿಡಿಸುತ್ತಿದ್ದಾನೆ. ಅಂಟಿದ ಗರಿ ಒಂದೊಂದೇ ಕಿತ್ತು ಪಕ್ಕಕ್ಕೆ ಇಡುತ್ತಿದ್ದಾನೆ. ಕತ್ತಿಗೆ ಅಮ್ಮನ ಹತ್ತಿ ಸೀರೆಯ ತುಂಡು.

ಬಾಗಿಲಲ್ಲಿ ನಿಂತೆ. ತಲೆ ಎತ್ತಲಿಲ್ಲ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಮಾವ ಬೀದಿಯಲ್ಲಿ ಹಾರ್ನ್ ಒತ್ತಿ ಹಿಡಿದಿದ್ದಾನೆ. "ಬತ್ತೀಯೇನೇ, ಇಲ್ವೇನೇ?" ಅಕ್ಕಪಕ್ಕದವರೆಲ್ಲ ಆಚೆ ಬಂದಿರುತ್ತಾರೆ.

ಪ್ರೀತಂ ಒಳಗೆ ಬಂದ. ಚಪ್ಪಲಿ ಹಾಕಿಕೊಂಡಿದ್ದಾನೆ. ನೀನು ಬೇಡ, ಧೂಳು, ಡಾಕ್ಟರ್ ಬೈತಾರೆ ಅಂದೆ. ಎದುರಿಗೆ ಬಂದು ನಿಂತ. ಗ್ಲೌಸ್ ತೆಗೆದ. ಕತ್ತಿಗೆ ಬೆರಳಿಟ್ಟ.

"ಬರ್ದಿದ್ ಸಾಕು. ನಡಿ."

ನನಗೇ ಅಂದದ್ದು. ಅವನ ದನಿ ಈಗ... ಉಳಿದದ್ದು ಬಂದಮೇಲೆ.